ಒಂದು ಬೋಗುಣಿ, ನಾಲ್ಕು ಜೊತೆ ಕೈ: ಪುಟ್ಟ ಮಕ್ಕಳ ಕೂಡು ಅಡುಗೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ಭಾನುವಾರ ಬೆಳಿಗ್ಗೆ ನಾಲ್ಕೈದು ಪುಟ್ಟ ಮಕ್ಕಳು ಸೇರುತ್ತಾರೆ. ಏನಾದರೊಂದು ತಿಂಡಿ ಮಾಡುತ್ತಾರೆ, ಕೂತು ತಿನ್ನುತ್ತಾರೆ, ಪಾತ್ರೆ ತೊಳೆದಿಟ್ಟು ಮನೆಗೆ ಹೋಗುತ್ತಾರೆ. ಆರು ವರ್ಷದಿಂದ ಇದು ನಡೆದುಕೊಂಡು ಬಂದಿದೆ. ನಾನು ತುಮಕೂರು ಕಡೆಯವಳು. ಬರುವ ಮಕ್ಕಳ ಮನೆಯವರಲ್ಲಿ ಧಾರವಾಡದವರು, ಕಲಬುರಗಿಯವರು, ಉಡುಪಿ ಕಡೆಯವರು ಎಲ್ಲ ಇದ್ದಾರೆ. ಲಿಫ್ಟಿನಲ್ಲಿ, ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ, ವಾಟ್ಸಾಪಿನಲ್ಲಿ ಜನ ನನ್ನನ್ನು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ.

## ಶುರು ಮಾಡುವವರಿಗೆ

“ಕೂಡಿ ಕೆಲಸ ಮಾಡೋದು ಕಲಿಸೋಕೆ ಅಡುಗೆನೇ ಯಾಕೆ? ಕ್ರಿಕೆಟ್ ಆಡಿದ್ರೆ ಸಾಲದಾ?”

ಆಡಲಿ, ಖಂಡಿತ ಆಡಲಿ. ಆದರೆ ಐದು ವರ್ಷದ ಮಗುವಿಗೆ ದೊಡ್ಡವರ ಕ್ರಿಕೆಟ್ಟಿನಲ್ಲಿ ಸಿಗುವುದು ಹೆಚ್ಚಾಗಿ ಕಾಂಪೌಂಡ್ ಆಚೆ ಹೋದ ಚೆಂಡು ತರುವ ಕೆಲಸ. ಮೇಲಾಗಿ ಆಟದಲ್ಲಿ ಒಂದು ಕಡೆಯವರು ಸೋಲಲೇಬೇಕು. ಅಡುಗೆಯಲ್ಲಿ ಸೋಲುವವರೇ ಇಲ್ಲ.

ನನಗೆ ಎಲ್ಲಕ್ಕಿಂತ ದೊಡ್ಡದು ಅನಿಸಿದ್ದು ಇದು: ಇನ್ನೊಬ್ಬರಿಗಾಗಿ ಯಾಕೆ ಕಾಯಬೇಕು ಅನ್ನೋದು ಅಡುಗೆಯಲ್ಲಿ ಮಗುವಿನ ಕಣ್ಣಿಗೇ ಕಾಣುತ್ತದೆ. ಬೇಳೆ ಇನ್ನೂ ನೆನೆದಿಲ್ಲ. ಸೌತೆಕಾಯಿ ಹೆಚ್ಚಿ ಆಗಿಲ್ಲ. ಹಾಗಾಗಿ ಕಲಸುವಂತಿಲ್ಲ. “ಎಲ್ಲರೂ ಸೇರಿ ಮಾಡಬೇಕು ಮಕ್ಕಳೇ” ಅಂತ ನಾನು ಪಾಠ ಹೇಳಬೇಕಾಗಿಲ್ಲ, ಬೋಗುಣಿಯೇ ಹೇಳುತ್ತದೆ.

“ನಮ್ಮ ಹುಡುಗನಿಗೆ ಈಗ ಮೂರು. ಕರ್ಕೊಂಡು ಬರಲಾ?”

ಕರೆದುಕೊಂಡು ಬನ್ನಿ, ಆದರೆ ಅವನಿಂದ ಜಾಸ್ತಿ ನಿರೀಕ್ಷೆ ಬೇಡ. ಅಮೆರಿಕದ ಮಿಲ್ಡ್ರೆಡ್ ಪಾರ್ಟನ್ ಎಂಬ ಸಂಶೋಧಕಿ ಶಿಶುವಿಹಾರದ ಮಕ್ಕಳ ಆಟವನ್ನು ಗಮನಿಸಿ 1932ರಲ್ಲಿ ಬರೆದಿದ್ದು ಇವತ್ತಿಗೂ ನಮ್ಮ ಕಣ್ಣೆದುರು ನಡೆಯುತ್ತದೆ. ಚಿಕ್ಕವು ಮೊದಲು ಒಂದೊಂದೇ ಆಡುತ್ತವೆ, ಆಮೇಲೆ ಪಕ್ಕಪಕ್ಕ ಕೂತು ತಮ್ಮ ತಮ್ಮ ಆಟ ಆಡುತ್ತವೆ, ಒಂದೇ ಆಟವನ್ನು ಕೂಡಿ ಆಡುವುದು ಕೊನೆಗೆ ಬರುತ್ತದೆ. ನನ್ನ ಅನುಭವದಲ್ಲಿ ಅದು ನಾಲ್ಕು, ನಾಲ್ಕೂವರೆ ವರ್ಷದ ಹೊತ್ತಿಗೆ.

ಮೂರು ವರ್ಷದವನು ಅಕ್ಕನ ಪಕ್ಕ ಕೂತು ಕೊತ್ತಂಬರಿ ಎಲೆ ಕಿತ್ತರೆ ಆ ದಿನಕ್ಕೆ ಅಷ್ಟು ಸಾಕು. ಹತ್ತು ನಿಮಿಷಕ್ಕೆ ಎದ್ದು ಹೋದರೆ ಹೋಗಲಿ ಬಿಡಿ.

“ನಮ್ದು ಒನ್ ರೂಮ್ ಕಿಚನ್. ನಾಲ್ಕು ಮಕ್ಕಳನ್ನ ಎಲ್ಲಿ ನಿಲ್ಲಿಸ್ಲಿ?”

ನಿಲ್ಲಿಸಬೇಡಿ, ಕೂರಿಸಿ. ಅಡುಗೆ ಕಟ್ಟೆ ಮಕ್ಕಳ ಎತ್ತರಕ್ಕೆ ಇರುವುದಿಲ್ಲ. ಸ್ಟೂಲ್ ಹತ್ತಿಸಿದರೆ ಬೀಳುವ ಭಯ. ರೂಮಿನಲ್ಲಿ ಹಳೆ ಚಾದರ ಹಾಸಿ ನಡುವೆ ದೊಡ್ಡ ಬೋಗುಣಿ ಇಟ್ಟು ಸುತ್ತ ಕೂರಿಸಿ. ನಮ್ಮ ಅಜ್ಜಿಯರು ನೆಲದ ಮೇಲೆ ಕೂತೇ ಹೆಚ್ಚುತ್ತಿದ್ದರು, ತುರಿಯುತ್ತಿದ್ದರು ಅಲ್ವಾ? ಸುತ್ತ ಕೂತರೆ ಒಬ್ಬರ ಕೈ ಒಬ್ಬರಿಗೆ ಕಾಣುತ್ತದೆ. ಕಟ್ಟೆಯ ಮುಂದೆ ಸಾಲಾಗಿ ನಿಂತರೆ ಗೋಡೆ ಕಾಣುತ್ತದೆ.

ನಾಲ್ಕು ಮಕ್ಕಳು ಸರಿಯಾದ ಲೆಕ್ಕ. ಐದಾದರೂ ನಡೆಯುತ್ತದೆ. ಆರಾದರೆ ಎರಡು ಬೋಗುಣಿ ಇಡಬೇಕು.

“ಒಲೆ ಹಚ್ಚದೆ ಏನ್ ಮಾಡಿಸ್ಬಹುದು?”

ನನ್ನ ಮೊದಲ ಆಯ್ಕೆ ಯಾವಾಗಲೂ ಕೋಸಂಬರಿ. ಅದರಲ್ಲಿ ಎಲ್ಲರಿಗೂ ನಿಜವಾದ ಕೆಲಸ ಇದೆ. ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ.

ಹೆಸರುಬೇಳೆಯನ್ನು ಎರಡು ಗಂಟೆ ಮೊದಲೇ ನೆನೆಸಿಟ್ಟಿರುತ್ತೇನೆ. ಒಬ್ಬಳು ಅದನ್ನು ತೊಳೆದು ಬಸಿಯುತ್ತಾಳೆ. ಆಗ ಜರಡಿಯನ್ನು ಇನ್ನೊಬ್ಬರು ಹಿಡಿಯಲೇಬೇಕು, ಇಲ್ಲದಿದ್ದರೆ ಬೇಳೆ ನೆಲದ ಪಾಲು. ಒಬ್ಬ ಸೌತೆಕಾಯಿ ಹೆಚ್ಚುತ್ತಾನೆ. ನಾನು ಮೊದಲೇ ಉದ್ದಕ್ಕೆ ಸೀಳಿಕೊಟ್ಟಿರುತ್ತೇನೆ, ಹಾಗಾಗಿ ಅದು ಉರುಳುವುದಿಲ್ಲ. ಒಬ್ಬಳು ಕೊತ್ತಂಬರಿ ಬಿಡಿಸುತ್ತಾಳೆ. ಕಾಯಿ ನಾನು ತುರಿದಿಟ್ಟಿರುತ್ತೇನೆ. ನಿಂಬೆಹಣ್ಣು ಹಿಂಡುವುದಕ್ಕೂ ಇಬ್ಬರು ಬೇಕು, ಒಬ್ಬರು ಹಿಂಡಲು, ಒಬ್ಬರು ಬೀಜ ಬೀಳದಂತೆ ಸೋಸಣಿಗೆ ಹಿಡಿಯಲು.

ಉಪ್ಪು ಮಾತ್ರ ಕಟ್ಟಕಡೆಗೆ. ಉಪ್ಪು ಬಿದ್ದ ತಕ್ಷಣ ಸೌತೆಕಾಯಿ ನೀರು ಬಿಡಲು ಶುರು ಮಾಡುತ್ತದೆ. ಒಂದು ಬಟ್ಟಲಿಗೆ ಮೊದಲೇ ಉಪ್ಪು ಹಾಕಿ ಹತ್ತು ನಿಮಿಷ ಬಿಟ್ಟು ತೋರಿಸಿ, ಮಕ್ಕಳೇ ಬಗ್ಗಿ ನೋಡುತ್ತಾರೆ. ಆಮೇಲೆ “ಎಲ್ಲರದೂ ಆಯ್ತಾ?” ಅಂತ ಕೇಳದೆ ಯಾರೂ ಉಪ್ಪಿನ ಡಬ್ಬಿ ಮುಟ್ಟುವುದಿಲ್ಲ. ಆ ಪ್ರಶ್ನೆಯನ್ನು ನಾನು ಹೇಳಿಕೊಟ್ಟಿದ್ದಲ್ಲ.

ಕೋಸಂಬರಿ ಬೇಜಾರಾದರೆ ಪಾನಕ, ಬಾಳೆಹಣ್ಣಿನ ರಸಾಯನ, ಚುರುಮುರಿ, ಹಚ್ಚಿದ ಅವಲಕ್ಕಿ. ಸಂಕ್ರಾಂತಿಗೆ ಎಳ್ಳು ಬೆಲ್ಲ. ಐದು ಮನೆಯಿಂದ ಐದು ಮಕ್ಕಳು ಒಬ್ಬೊಬ್ಬರು ಒಂದೊಂದು ತರಬೇಕು: ಎಳ್ಳು, ಹೆಚ್ಚಿದ ಬೆಲ್ಲ, ಹೆಚ್ಚಿದ ಕೊಬ್ಬರಿ, ಹುರಿದ ಕಡಲೆಕಾಯಿ ಬೀಜ, ಹುರಿಗಡಲೆ. ಒಬ್ಬರು ತಪ್ಪಿಸಿಕೊಂಡರೂ ಅದು ಎಳ್ಳು ಬೆಲ್ಲ ಆಗುವುದಿಲ್ಲ. ಅವತ್ತು ಪಕ್ಕದ ಮರಾಠಿ ಮನೆಯಿಂದ ತಿಳ್‌ಗೂಳ್ ಬರುತ್ತದೆ, ನಮ್ಮ ಪೊಟ್ಟಣ ಅಲ್ಲಿಗೆ ಹೋಗುತ್ತದೆ. “ಗೋಡ್ ಗೋಡ್ ಬೋಲಾ” ಅನ್ನುವುದೂ “ಒಳ್ಳೆ ಮಾತಾಡಿ” ಅನ್ನುವುದೂ ಒಂದೇ ಅಂತ ಮಕ್ಕಳೇ ಕಂಡುಕೊಂಡರು.

“ಚಾಕು, ಬೆಂಕಿ ಅಂದ್ರೆ ನನಗೆ ಎದೆ ಹೊಡ್ಕೊಳ್ಳತ್ತೆ. ಏನ್ ಎಚ್ಚರಿಕೆ ತಗೋತೀರಾ?”

ಆರು ವರ್ಷದ ಒಳಗಿನವರಿಗೆ ಬ್ರೆಡ್ಡಿಗೆ ಬೆಣ್ಣೆ ಸವರುವ ಮೊಂಡು ಚಾಕು ಮಾತ್ರ. ಬಾಳೆಹಣ್ಣು, ಬೇಯಿಸಿದ ಆಲೂಗಡ್ಡೆ, ಸೀಳಿದ ಸೌತೆಕಾಯಿ ಅದರಲ್ಲೇ ಕತ್ತರಿಸಬಹುದು. ಈಳಿಗೆಮಣೆ ಮತ್ತು ಮಿಕ್ಸಿ ದೊಡ್ಡವರದು. ಒಲೆಯೂ ಅಷ್ಟೇ. ಒಗ್ಗರಣೆಯನ್ನು ನಾನು ಅಡುಗೆಮನೆಯಲ್ಲಿ ಹಾಕಿ, ಆರಿದ ಮೇಲೆ ತಂದು ಸುರಿಯುತ್ತೇನೆ. ಹಸಿಮೆಣಸಿನಕಾಯಿ ಮಕ್ಕಳ ಕೈಗೆ ಕೊಡುವುದೇ ಇಲ್ಲ, ಆ ಕೈ ಕಣ್ಣಿಗೆ ಹೋಗಿಯೇ ಹೋಗುತ್ತದೆ.

ಜನ ಮರೆಯುವುದು ಇನ್ನೊಂದು. ಐದು ವರ್ಷದ ಒಳಗಿನವರಿಗೆ ಇಡೀ ಕಡಲೆಕಾಯಿ ಬೀಜ, ಇಡೀ ದ್ರಾಕ್ಷಿ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಬೀಜವನ್ನು ಪುಡಿ ಮಾಡಿ, ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡಿ. ಚಪಾತಿಯ ಹಸಿ ಹಿಟ್ಟನ್ನು ಬಾಯಿಗೆ ಹಾಕಿಕೊಳ್ಳಲು ಬಿಡಬೇಡಿ. ಯಾವ ಮಗುವಿಗೆ ಏನು ಆಗಿಬರುವುದಿಲ್ಲ ಅಂತ ಮನೆಯವರನ್ನು ಮೊದಲ ದಿನವೇ ಕೇಳಿ ಬರೆದಿಟ್ಟುಕೊಳ್ಳಿ.

ಅಕಸ್ಮಾತ್ ಸುಟ್ಟರೆ ತಕ್ಷಣ ನಲ್ಲಿಯ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಅರಿಶಿನ, ಐಸ್ ಯಾವುದೂ ಬೇಡ. ಬೊಬ್ಬೆ ಎದ್ದರೆ, ಮುಖ ಅಥವಾ ಅಂಗೈ ಸುಟ್ಟಿದ್ದರೆ ಡಾಕ್ಟರ ಹತ್ತಿರ ಹೋಗಲೇಬೇಕು.

“ಮೂಗಿಗೆ ಬೆರಳು ಹಾಕಿ ಅದೇ ಕೈಲಿ ಕಲಸ್ತಾರಲ್ಲ?”

ಕಲಸುತ್ತಾರೆ, ನಿಜ. ಶುರುವಿನಲ್ಲಿ ಎಲ್ಲರೂ ಸೋಪು ಹಚ್ಚಿ ಇಪ್ಪತ್ತು ಎಣಿಸುವವರೆಗೆ ಕೈ ಉಜ್ಜಬೇಕು. ನಡುವೆ ಮೂಗು ಮುಟ್ಟಿದರೆ ಮತ್ತೆ ತೊಳೆದು ಬರಬೇಕು. ನೆಗಡಿ, ಭೇದಿ ಇದ್ದ ಮಗು ಆ ವಾರ ಮನೆಯಲ್ಲಿರಲಿ. ಇದರಲ್ಲಿ ದಾಕ್ಷಿಣ್ಯ ಬೇಡ.

## ನಾಲ್ಕಾರು ವಾರ ಕಳೆದ ಮೇಲೆ

“ಕೆಲಸ ಹಂಚಿಕೊಟ್ಟೆ. ಆದ್ರೂ ಎಲ್ಲರೂ ತಮ್ಮಷ್ಟಕ್ಕೆ ತಾವು ಮಾಡಿ ಎದ್ದು ಹೋಗ್ತಾರೆ. ಯಾಕೆ?”

ಹಂಚಿದ್ದರಿಂದಲೇ. ಕೆಲಸ ಹಂಚುವುದು ಬೇರೆ, ಕೂಡಿ ಮಾಡುವುದು ಬೇರೆ. ನಾಲ್ವರಿಗೆ ನಾಲ್ಕು ತಟ್ಟೆ ಬಟಾಣಿ ಕೊಟ್ಟರೆ ನಾಲ್ವರೂ ಸುಲಿಯುತ್ತಾರೆ. ಅಲ್ಲಿ ನಾಲ್ಕು ಕೆಲಸ ಆಯಿತು ಅಷ್ಟೇ. ಒಬ್ಬರ ಕೈ ಇನ್ನೊಬ್ಬರ ಕೈಗಾಗಿ ಕಾಯುವಂಥ ಕೆಲಸ ಹುಡುಕಬೇಕು. ಒಬ್ಬ ಸಿಪ್ಪೆ ಬಿಡಿಸುತ್ತಾನೆ, ಒಬ್ಬಳು ಒಳಗಿನ ಕಾಳು ಉದುರಿಸುತ್ತಾಳೆ, ಮೂರನೆಯವರು ಹುಳ ಇದೆಯಾ ನೋಡಿ ಬಟ್ಟಲಿಗೆ ಹಾಕುತ್ತಾರೆ. ಮೊದಲನೆಯವನು ನಿಧಾನ ಮಾಡಿದರೆ ಎರಡನೆಯವಳು “ಬೇಗ ಕೊಡೋ” ಅನ್ನುತ್ತಾಳೆ. ಅವಳು ಹಿಂದೆ ಬಿದ್ದರೆ ಇವನು ಕೈ ಸೇರಿಸುತ್ತಾನೆ. ಆ “ಕೊಡೋ”, “ತಗೋ” ಶುರುವಾದರೆ ಸಾಕು.

ಸಾಮಾನನ್ನೂ ಬೇಕೆಂದೇ ಕಡಿಮೆ ಇಡಿ. ಐವರಿಗೆ ಎರಡು ಚಾಕು, ಒಂದು ಜರಡಿ, ಒಂದು ಸೌಟು.

“ನಮ್ಮ ದೊಡ್ಡೋಳೇ ಎಲ್ಲಾ ಮುಗಿಸಿಬಿಡ್ತಾಳೆ. ಚಿಕ್ಕೋನು ಬಾಯಿ ಬಿಟ್ಕೊಂಡು ನೋಡ್ತಾ ಕೂರ್ತಾನೆ.”

ಚುರುಕಾದ ಮಗುವಿಗೆ “ನೀನು ಸುಮ್ನಿರು” ಅಂದರೆ ಅದಕ್ಕೆ ಶಿಕ್ಷೆ ಕೊಟ್ಟಂತೆ. ಅವಳಿಗೆ ಬಾಯಿಯ ಕೆಲಸ ಕೊಡಿ. ಮಾಡುವ ಕ್ರಮವನ್ನು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಡಿ. ಅವಳು ಓದಿ ಹೇಳಬೇಕು, ಕೈ ಹಾಕುವಂತಿಲ್ಲ. ತಮ್ಮನಿಗೆ ಅರ್ಥವಾಗುವ ಹಾಗೆ ಹೇಳುವುದು ಎಷ್ಟು ಕಷ್ಟ ಅಂತ ಐದೇ ನಿಮಿಷದಲ್ಲಿ ಗೊತ್ತಾಗುತ್ತದೆ. ಎಂಟು ವರ್ಷದ ಒಬ್ಬಳು “ಸಣ್ಣಗೆ ಹೆಚ್ಚು” ಅಂತ ಮೂರು ಸಲ ಹೇಳಿ, ಆಗದೆ, ಕೊನೆಗೆ ತನ್ನ ಕಿರುಬೆರಳಿನ ಉಗುರು ತೋರಿಸಿ “ಇಷ್ಟೇ ಇರ್ಬೇಕು” ಅಂದಳು. ತಮ್ಮ ಪ್ರತಿ ಹೋಳನ್ನೂ ಅವಳ ಉಗುರಿಗೆ ಹಿಡಿದು ನೋಡಿಯೇ ಹಾಕಿದ.

“ಸೌಟಿಗಾಗಿ ಜಗಳ ಆದ್ರೆ ಯಾರ ಪರ ಮಾತಾಡ್ಲಿ?”

ಯಾರ ಪರವೂ ಬೇಡ. ಮೊದಲ ವರ್ಷ ನಾನು ಒಂದು ತಪ್ಪು ಮಾಡಿದೆ. ಇಬ್ಬರು ಸೌಟು ಎಳೆದಾಡಿದರೆ ತಕ್ಷಣ ಇನ್ನೊಂದು ಸೌಟು ತಂದುಕೊಡುತ್ತಿದ್ದೆ. ಜಗಳ ನಿಲ್ಲುತ್ತಿತ್ತು. ಆದರೆ ಇಬ್ಬರೂ ತಮ್ಮ ತಮ್ಮ ಕಡೆಯ ಅವಲಕ್ಕಿ ಕಲಸಿಕೊಂಡು ಕೂರುತ್ತಿದ್ದರು, ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಕೂಡಲು ಇದ್ದ ಒಂದೇ ಕಾರಣವನ್ನು ನಾನೇ ತೆಗೆದುಹಾಕಿದ್ದೆ.

ಈಗ ಸೌಟು ಒಂದೇ. ಹಗುರಾದ ಅಗಲ ಬೋಗುಣಿ ಇಡುತ್ತೇನೆ. ಟೈಲ್ಸ್ ಮೇಲೆ ಅದು ಜಾರುತ್ತದೆ, ಆದ್ದರಿಂದ ಒಬ್ಬರು ಹಿಡಿಯದೆ ಇನ್ನೊಬ್ಬರು ಕಲಸಲು ಆಗುವುದೇ ಇಲ್ಲ. ಹಿಡಿದವರು ಇಪ್ಪತ್ತರವರೆಗೆ ಕನ್ನಡದಲ್ಲಿ ಎಣಿಸುತ್ತಾರೆ, ಆಮೇಲೆ ಕೈ ಬದಲು. ಹತ್ತೊಂಬತ್ತು ಬಂದಾಗ ಎಲ್ಲರೂ ತಡವರಿಸುತ್ತಾರೆ. ಆಗ ಕಲಸುತ್ತಿರುವವರೇ ಹೇಳಿಕೊಡುತ್ತಾರೆ, ತಮ್ಮ ಸರದಿ ಮುಗಿಯುತ್ತದೆ ಅಂತ ಗೊತ್ತಿದ್ದರೂ.

ಹೊಡೆದಾಟಕ್ಕೆ ಇಳಿದರೆ ಮಾತ್ರ ನಡುವೆ ಹೋಗಿ. ಇಬ್ಬರನ್ನೂ ಎಬ್ಬಿಸಿ ನೀರು ಕುಡಿಸಿ ಕರೆದುಕೊಂಡು ಬನ್ನಿ. “ಸಾರಿ ಹೇಳು” ಅಂತ ಬಲವಂತ ಮಾಡಬೇಡಿ.

“ಗಂಡು ಹುಡುಗನಿಗೆ ಅಡುಗೆ ಯಾಕೆ ಅಂತ ನಮ್ಮತ್ತೆ ಬೈತಾರೆ. ಏನ್ ಹೇಳ್ಲಿ?”

ಅತ್ತೆಯವರನ್ನು ಒಂದು ಸಲ ಮಾಟುಂಗಾಕ್ಕೆ ಕರೆದುಕೊಂಡು ಹೋಗಿ. ಸ್ಟೇಷನ್ ಪಕ್ಕದಲ್ಲೇ 1942ರಿಂದ ನಡೆಯುತ್ತಿರುವ ರಾಮ ನಾಯಕರ ಉಡುಪಿ ಬೋರ್ಡಿಂಗ್ ಇದೆ. ಬಾಳೆ ಎಲೆ ಊಟ ಹಾಕಿಸಿ. ಮುಂಬಯಿಗೆ ಇಡ್ಲಿ ದೋಸೆ ತಿನ್ನಿಸಿದ ಕೈಗಳು ಊರು ಬಿಟ್ಟು ಬಂದ ಗಂಡು ಹುಡುಗರವೇ ಅಲ್ವಾ? ಅಂಥ ಅಡುಗೆಮನೆಯಲ್ಲಿ ರುಬ್ಬುವವರು, ಹುಯ್ಯುವವರು, ಬಡಿಸುವವರು ಒಬ್ಬರನ್ನೊಬ್ಬರು ನಂಬದೆ ಒಂದು ಎಲೆಯೂ ಏಳುವುದಿಲ್ಲ.

ಅತ್ತೆಗೆ ಎದುರು ಮಾತಾಡಬೇಡಿ. ಮೊಮ್ಮಗ ಕಲಸಿದ ಕೋಸಂಬರಿಯನ್ನು ಅವನ ಕೈಯಿಂದಲೇ ಅವರಿಗೆ ಕೊಡಿಸಿ.

“ನನ್ನ ಮಗಳಿಗೆ ಕನ್ನಡ ಅರ್ಧಂಬರ್ಧ. ಮಕ್ಕಳ ಜೊತೆ ಹೊಂದ್ಕೊಳ್ತಾಳಾ?”

ಬೇಗ ಹೊಂದಿಕೊಳ್ಳುತ್ತಾಳೆ. ಅಡುಗೆ ಕನ್ನಡದಲ್ಲಿ ಒಂದೊಂದು ಮಾತಿಗೂ ಒಂದು ಕೈಚಳಕ ಇದೆ: ಸುಲಿ, ಬಿಡಿಸು, ಹೆಚ್ಚು, ತುರಿ, ಕುಟ್ಟು, ಸೋಸು, ಬಸಿ, ನಾದು, ಲಟ್ಟಿಸು. ನೋಡಿದರೆ ಅರ್ಥ ಆಗುತ್ತದೆ, ಮಾಡಿದರೆ ನೆನಪಿರುತ್ತದೆ.

ನಮ್ಮಲ್ಲಿ ಕನ್ನಡವೇ ಮೂರು ನಾಲ್ಕು ಥರ ಬರುತ್ತದೆ. ನಾನು ಈರುಳ್ಳಿ ಅಂದರೆ ಧಾರವಾಡದ ಹುಡುಗ ಉಳ್ಳಾಗಡ್ಡಿ ಅನ್ನುತ್ತಾನೆ, ಉಡುಪಿಯ ಹುಡುಗಿ ನೀರುಳ್ಳಿ ಅನ್ನುತ್ತಾಳೆ, ಕೆಳಗಿನ ಮನೆಯ ಮರಾಠಿ ಗೆಳೆಯ ಕಾಂದಾ ಅನ್ನುತ್ತಾನೆ. ಯಾವುದನ್ನೂ ತಪ್ಪು ಅನ್ನಬೇಡಿ. ಗೆಳೆಯನ ಮನೆಯ ಮಾತು ತಿಳಿದುಕೊಂಡು “ಉಳ್ಳಾಗಡ್ಡಿ ಕೊಡು” ಅಂತ ತುಮಕೂರಿನ ಮಗು ಕೇಳಿದ ದಿನ ನನಗೆ ತುಂಬ ಖುಷಿಯಾಗಿತ್ತು.

“ನಾವು ಈರುಳ್ಳಿ ಬೆಳ್ಳುಳ್ಳಿ ತಿನ್ನಲ್ಲ, ಇನ್ನೊಬ್ಬರು ಮೊಟ್ಟೆ ಬೇಕು ಅಂತಾರೆ. ಹೇಗೆ?”

ಎಲ್ಲರೂ ಕೂತು ತಿನ್ನಬಹುದಾದದ್ದನ್ನೇ ಮಾಡಿ. ಒಬ್ಬ ಮಗು ಮಾಡಿದ್ದನ್ನು ತಿನ್ನಲಾಗದೆ ಸುಮ್ಮನೆ ಕೂರುವಂತೆ ಆಗಬಾರದು.

“ಇದರಿಂದ ತರಕಾರಿ ತಿನ್ನೋಕೆ ಶುರು ಮಾಡ್ತಾನಾ?”

ಒಂದೇ ದಿನಕ್ಕೆ ಇಲ್ಲ. ಹೊಸ ರುಚಿ ಒಗ್ಗಲು ಕೆಲವು ಮಕ್ಕಳಿಗೆ ಎಂಟು ಹತ್ತು ಸಲ, ಕೆಲವರಿಗೆ ಇನ್ನೂ ಜಾಸ್ತಿ ಸಲ ಬೇಕು. ತಾನೇ ಹೆಚ್ಚಿದ್ದನ್ನು ಒಂದು ಹೋಳು ಬಾಯಿಗೆ ಹಾಕಿಕೊಳ್ಳುವ ಧೈರ್ಯ ಮಾತ್ರ ಬೇಗ ಬರುತ್ತದೆ. ಉಗುಳಿದರೂ ಬೈಯಬೇಡಿ.

## ಕೈ ಪಳಗಿದವರಿಗೆ

“ಮಾಡಿದ್ದು ಕೆಟ್ಟುಹೋದ್ರೆ ಮಕ್ಕಳು ಒಬ್ಬರ ಮೇಲೊಬ್ಬರು ಹಾಕ್ತಾರೆ. ಆಗ?”

ಒಂದು ಭಾನುವಾರ ಹಚ್ಚಿದ ಅವಲಕ್ಕಿಗೆ ಇಬ್ಬರು ಉಪ್ಪು ಹಾಕಿದರು, ಒಬ್ಬರಿಗೆ ಒಬ್ಬರು ಹೇಳದೆ. ಬಾಯಿಗೆ ಇಡಲಾಗಲಿಲ್ಲ. “ಇವಳೇ”, “ಇವನೇ” ಶುರುವಾಯಿತು. “ಈಗ ಏನ್ ಮಾಡೋಣ?” ಅಂತ ಮಾತ್ರ ಕೇಳಿ ನಾನು ಸುಮ್ಮನಾದೆ. ಸ್ವಲ್ಪ ಹೊತ್ತು ಮೌನ. ಆಮೇಲೆ ಎಲ್ಲರಿಗಿಂತ ಚಿಕ್ಕವಳು, “ಇನ್ನೂ ಅವಲಕ್ಕಿ ಹಾಕೋಣ” ಅಂದಳು. ಡಬ್ಬಿಯಲ್ಲಿ ಇರಲಿಲ್ಲ. ಇಬ್ಬರು ಲೋಟ ಹಿಡಿದು ಪಕ್ಕದ ಮನೆಗೆ ಹೋಗಿ ಪೋಹೆ ಕೇಳಿ ತಂದರು. ಉಪ್ಪು ಹಾಕಿದವರೇ ಆ ಇಬ್ಬರು. ಅವರನ್ನು ಯಾರೂ ಕಳಿಸಿರಲಿಲ್ಲ.

ಅಂದಿನಿಂದ ನಮ್ಮಲ್ಲಿ ಒಂದು ಪದ್ಧತಿ ಇದೆ. ಉಪ್ಪು ಹಾಕಿದವರು “ಉಪ್ಪು ಬಿತ್ತು!” ಅಂತ ಕೂಗಬೇಕು, ಉಳಿದವರೆಲ್ಲ “ಬಿತ್ತು!” ಅನ್ನಬೇಕು. ಮಕ್ಕಳೇ ಮಾಡಿಕೊಂಡ ಪದ್ಧತಿ ಅದು, ಹಾಗಾಗಿ ಇನ್ನೂ ಉಳಿದಿದೆ.

“ಬೇಗ ಮುಗಿಯೋ ತಿಂಡಿ ಸಾಕಾಯ್ತು. ಇಡೀ ಬೆಳಿಗ್ಗೆ ಹಿಡಿಯುವಂಥದ್ದು ಏನಿದೆ?”

ಕಾಳು ಹಿದಕುವುದು. ಊರಲ್ಲಿ ಚಳಿಗಾಲ ಬಂದರೆ ಅವರೆಕಾಳು ನೆನೆಸಿ, ಹಿದಕಿದ ಬೇಳೆಗೆ ಮನೆ ಮಂದಿಯೆಲ್ಲ ಕೂರುತ್ತಿದ್ದೆವು. ಇಲ್ಲಿ ವಾಲ್ ಅನ್ನುವ ಒಣ ಅವರೆ ವರ್ಷವಿಡೀ ಸಿಗುತ್ತದೆ. ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಬೆಚ್ಚನೆ ನೀರಿಗೆ ಹಾಕಿದರೆ ಸಿಪ್ಪೆ ಸಲೀಸಾಗಿ ಬರುತ್ತದೆ. ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಕಾಳು ಪುಳಕ್ಕನೆ ಹಾರುತ್ತದೆ. ಎದುರಿಗೆ ಕೂತವರು ಬಟ್ಟಲು ಹಿಡಿದು ಅದನ್ನು ಹಿಡಿಯಬೇಕು.

ನಮ್ಮ ಮಹಡಿಯ ಮರಾಠಿ ಆಜಿ ಒಮ್ಮೆ ಇದನ್ನು ಬಾಗಿಲಲ್ಲಿ ನಿಂತು ನೋಡಿದರು. “ಅರೆ, ಇದು ನಮ್ಮ ಡಾಳಿಂಬಿ” ಅನ್ನುತ್ತಾ ಬಂದು ಚಾದರದ ಮೇಲೆ ಕೂತುಬಿಟ್ಟರು. ಒಬ್ಬರೇ ಮಾಡಿದರೆ ಬೇಸರ ತರುವ ಕೆಲಸ. ಏಳು ಜನ ಕೂತಾಗ ಒಂದು ಕಿಲೋ ಹೇಗೆ ಮುಗಿಯಿತೋ ಗೊತ್ತಾಗಲಿಲ್ಲ. ಅರ್ಧ ಅವರ ಮನೆಗೆ ಉಸಳ್ ಅನ್ನುವ ಕಾಳಿನ ಪಲ್ಯಕ್ಕೆ, ಅರ್ಧ ನಮ್ಮ ಸಾರಿಗೆ.

“ನಾನು ಟೀಚರ್. ಕ್ಲಾಸಲ್ಲಿ 40 ಮಕ್ಕಳು. ಇದೆಲ್ಲ ಆಗೋ ಮಾತಾ?”

ಆಗುತ್ತದೆ. ಐದೈದು ಮಕ್ಕಳ ಎಂಟು ಗುಂಪು, ಎಲ್ಲರಿಗೂ ಒಂದೇ ತಿಂಡಿ, ಒಲೆ ಇಲ್ಲದ್ದು. ಗುಂಪು ಗುಂಪಿಗೆ ಸ್ಪರ್ಧೆ ಮಾತ್ರ ಇಡಬೇಡಿ. ಸ್ಪರ್ಧೆ ಬಂದರೆ ನಿಧಾನದ ಮಗುವನ್ನು ಅದರ ಗುಂಪಿನವರೇ ದೂರ ತಳ್ಳುತ್ತಾರೆ.

ಹೆಡ್‌ಮಿಸ್ ಒಪ್ಪದಿದ್ದರೆ ಇದು ಹೊಸದಲ್ಲ ಅಂತ ಹೇಳಿ. 1937ರಲ್ಲಿ ನಮ್ಮ ಮಹಾರಾಷ್ಟ್ರದ ವರ್ಧಾದಲ್ಲೇ ಗಾಂಧೀಜಿ ಕೈಕೆಲಸದ ಮೂಲಕ ಕಲಿಸುವ ನಯೀ ತಾಲೀಮ್ ವಿಚಾರ ಮುಂದಿಟ್ಟರು. 1939ರಲ್ಲಿ ಮದ್ರಾಸಿಗೆ ಬಂದು ಶಿಕ್ಷಕರಿಗೆ ತರಬೇತಿ ಕೊಟ್ಟ ಮರಿಯಾ ಮಾಂಟೆಸರಿಯವರ ಪದ್ಧತಿಯಲ್ಲಿ ನೀರು ಸುರಿಯುವುದು, ಕಾಳು ವಿಂಗಡಿಸುವುದು, ಒರೆಸುವುದು ಎಲ್ಲ ಪಾಠವೇ.

“ನಮ್ಮ ಮಗುವಿಗೆ ಕೈಗೆ ಅಂಟಿದ್ರೆ ಆಗಲ್ಲ, ಗಲಾಟೆ ಆಗಲ್ಲ. ಗುಂಪಿಗೆ ಬಿಡ್ಬಹುದಾ?”

ಬಿಡಿ, ಆದರೆ ಮೊದಲು ಒಬ್ಬರೇ ಒಬ್ಬ ಗೆಳೆಯರ ಜೊತೆ. ಒಣ ಕೆಲಸ ಕೊಡಿ: ಅಳೆಯುವುದು, ಕಾಳು ಆರಿಸುವುದು, ಏಲಕ್ಕಿ ಕುಟ್ಟುವುದು. ನಮ್ಮಲ್ಲಿ ಹಾಗಿದ್ದ ಒಬ್ಬ ಹುಡುಗ ತಿಂಗಳುಗಟ್ಟಲೆ ಗಡಿಯಾರ ನೋಡಿಕೊಂಡ. “ಬೇಳೆ ನೆನೆದು ಎರಡು ಗಂಟೆ ಆಯ್ತು” ಅಂತ ಅವನು ಹೇಳುವವರೆಗೆ ಯಾರೂ ಬೇಳೆಗೆ ಕೈ ಹಾಕುತ್ತಿರಲಿಲ್ಲ. ಅವನ ಕೆಲಸ ಎಲ್ಲರಿಗೂ ಬೇಕಾಗಿತ್ತು.

“ಅಷ್ಟೊತ್ತು ನಾನೇನ್ ಮಾಡ್ಲಿ? ನೋಡ್ತಾ ಕೂತ್ರೆ ಕೈ ತಡೆಯಲ್ಲ.”

ನನಗೂ ತಡೆಯುತ್ತಿರಲಿಲ್ಲ. ಸೌತೆಕಾಯಿ ದಪ್ಪ ಆಯಿತು ಅಂತ ಕೈ ಹಾಕಿ ಸರಿ ಮಾಡುತ್ತಿದ್ದೆ. ಆಗೆಲ್ಲ ಮಕ್ಕಳು ಒಬ್ಬರನ್ನೊಬ್ಬರು ನೋಡುವುದು ಬಿಟ್ಟು ನನ್ನ ಮುಖ ನೋಡುತ್ತಿದ್ದರು. ಈಗ ಪಕ್ಕದಲ್ಲಿ ಕೂತು ನನ್ನದೇ ಬೆಳ್ಳುಳ್ಳಿ ಸುಲಿಯುತ್ತೇನೆ. ಕಣ್ಣು ಚಾಕುವಿನ ಮೇಲೆ, ಕೈ ಬೆಳ್ಳುಳ್ಳಿ ಮೇಲೆ. ಯಾರಾದರೂ “ಆಂಟಿ, ಇದು ಹೇಗೆ?” ಅಂದರೆ “ಅವಳಿಗೆ ಗೊತ್ತು, ಕೇಳು” ಅನ್ನುತ್ತೇನೆ.

“ಕೊನೆಗೆ ಪಾತ್ರೆ ತೊಳೆಯೋದು ಯಾರು? ನಾನೇ ತಾನೆ?”

ಅಲ್ಲ, ಮಕ್ಕಳೇ. ತಿಂದ ಮೇಲೆ ಎದ್ದು ಹೋಗುವ ಅಭ್ಯಾಸ ಆದರೆ ಅರ್ಧ ಕಲಿತಂತೆ. ಬಾಲ್ಕನಿಯಲ್ಲಿ ಮೂರು ಟಬ್ ಸಾಲಾಗಿ ಇಡಿ: ಒಂದರಲ್ಲಿ ಸೋಪಿನ ನೀರು, ಎರಡರಲ್ಲಿ ಬರೀ ನೀರು. ಒಬ್ಬರು ಉಜ್ಜುತ್ತಾರೆ, ಇಬ್ಬರು ಜಾಲಿಸುತ್ತಾರೆ, ಒಬ್ಬರು ಒರೆಸುತ್ತಾರೆ. ಮುಂದಿನ ವಾರ ಜಾಗ ಬದಲು. ಟಬ್ಬಿನಲ್ಲಿ ತೊಳೆದರೆ ನೀರೂ ಉಳಿಯುತ್ತದೆ, ನಲ್ಲಿ ನಿಲ್ಲುವ ಹೊತ್ತಿಗೆ ಕೆಲಸವೂ ಮುಗಿದಿರುತ್ತದೆ. ಸ್ಟೀಲ್ ಪಾತ್ರೆಗಳನ್ನೇ ಬಳಸಿ. ಚಾಕುಗಳನ್ನು ಮಾತ್ರ ನೀವೇ ತೊಳೆದು ಮೇಲೆ ಎತ್ತಿಡಿ.